ನಾಲ್ಕು ಊರಿನ ಕ್ಯಾಸೆಟ್ ಸುತ್ತು

"ಬಿಡಿಬಿಡಿಯಾಗಿ ನಂಗೆ ಬ್ಯಾಡ ಅಕ್ಕಾರೆ. ನಾಲ್ಕೂ ಊರಿಂದು ಒಂದೇ ಕಡೆ ಸೇರಿಸ್ರಿ, ಒಂದೊಂದನ್ನೂ ಆಡಿಸಿ ನೋಡಿ ಇಟ್ಟಿರ್ರಿ. ತಿಂಗಳ ಕೊನೆಗೆ ವ್ಯಾನ್ ತಗೊಂಡು ಬರ್ತೀನಿ" ಎಂದು ದಾವಣಗೆರೆಯ ವ್ಯಾಪಾರಿ ಹೇಳಿ ಹೋದ. ನಾನು ಕೌಂಟರಿನ ಹಿಂದೆ ಸ್ಪಿರಿಟ್ ಬಾಟಲಿಯ ಮುಚ್ಚಳ ಹಿಡಿದುಕೊಂಡು ನಿಂತೇ ಇದ್ದೆ. ಅವನು ಹೋದ ಮೇಲೆ ನೋಡಿದರೆ ಹತ್ತಿಯ ಮೇಲೆ ಸುರಿದ ಸ್ಪಿರಿಟ್ಟೆಲ್ಲ ಆರಿಹೋಗಿತ್ತು.

ಚಿತ್ರದುರ್ಗದ ಸಂತೆಹೊಂಡದ ರಸ್ತೆಯಲ್ಲಿ ನಮ್ಮಣ್ಣನದು ಹಾಡಿನ ಕ್ಯಾಸೆಟ್ ಅಂಗಡಿ. ತೊಂಬತ್ತರ ದಶಕದಲ್ಲಿ ಟಿವಿಗೆ ಸಿಕ್ಕಿಸಿ ಆಡುವ ಗೇಮ್ ಮಿಷಿನ್ನು ಊರಿಗೆ ಬಂದಾಗ ಆ ಅಂಗಡಿಯ ಅರ್ಧ ಭಾಗವನ್ನು ನಾನು ಹಿಡಿದೆ. ಮಿಷಿನ್ನಿನ ಬೆನ್ನಿನಲ್ಲಿದ್ದ ಸೀಳಿಗೆ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಒತ್ತಿ ಕೂರಿಸಿದರೆ ಟಿವಿಯಲ್ಲಿ ಆಟ ಮೂಡುತ್ತಿತ್ತು. ಅದನ್ನೂ ಎಲ್ಲರೂ ಕ್ಯಾಸೆಟ್ ಎಂದೇ ಕರೆಯುತ್ತಿದ್ದರು. ಹೊಸದು ಕೊಳ್ಳುವವರು ಕಡಿಮೆ. ಆಡಿ ಬೇಸರವಾದದ್ದನ್ನು ಕೊಟ್ಟು, ಮೇಲೆ ಒಂದಿಷ್ಟು ಚಿಲ್ಲರೆ ಸೇರಿಸಿ, ಇನ್ನೊಬ್ಬರು ಆಡಿ ಬಿಟ್ಟದ್ದನ್ನು ಒಯ್ಯುವವರೇ ಹೆಚ್ಚು. ನನ್ನ ಅಂಗಡಿ ನಡೆದದ್ದು ಈ ಅದಲುಬದಲಿನಿಂದಲೇ.

ಅದಲುಬದಲಿಗೆ ಒಂದು ತೊಂದರೆಯಿದೆ. ಒಂದೇ ಊರಿನಲ್ಲಾದರೆ ಸ್ವಲ್ಪ ದಿನಕ್ಕೆ ಎಲ್ಲರೂ ಎಲ್ಲವನ್ನೂ ಆಡಿಬಿಟ್ಟಿರುತ್ತಾರೆ. ಅದಕ್ಕೇ ನಾನು ಸುತ್ತು ಶುರು ಮಾಡಿದ್ದು. ದುರ್ಗದಲ್ಲಿ ಹಳಸಿದ ಆಟ ಹಿರಿಯೂರಿಗೆ ಹೊಸದು, ಹಿರಿಯೂರಿನವರಿಗೆ ಸಾಕಾದದ್ದು ಹೊಸದುರ್ಗಕ್ಕೆ ಹೊಸದು, ಅಲ್ಲಿಂದ ಹೊಳಲ್ಕೆರೆಗೆ, ಮತ್ತೆ ದುರ್ಗಕ್ಕೆ. ಅಷ್ಟರಲ್ಲಿ ನಮ್ಮೂರಿನ ಹುಡುಗರು ಅದನ್ನು ಮರೆತಿರುತ್ತಿದ್ದರು, ಇಲ್ಲವೇ ಅದಕ್ಕಾಗಿ ಹಂಬಲಿಸುತ್ತಿದ್ದರು. ಪ್ರತಿ ಸೋಮವಾರ ಬೆಳಗ್ಗೆ ಚೀಲ ಹೊತ್ತು ಹೊರಟರೆ ನಾಲ್ಕು ಬಸ್ಸು ಬದಲಿಸಿ ಸಂಜೆಗೆ ಮನೆ. ಹಿರಿಯೂರಿನಲ್ಲಿ ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುವವನ ಅಂಗಡಿಯಲ್ಲಿ, ಹೊಸದುರ್ಗದಲ್ಲಿ ಲೇಡೀಸ್ ಟೈಲರ್ ಅಕ್ಕನೊಬ್ಬಳ ಹತ್ತಿರ, ಹೊಳಲ್ಕೆರೆಯಲ್ಲಿ ಫೋಟೊ ಸ್ಟುಡಿಯೊದಲ್ಲಿ ನನ್ನ ಒಂದೊಂದು ಪೆಟ್ಟಿಗೆ, ಒಂದೊಂದು ಮಿಷಿನ್ನು, ಒಂದೊಂದು ಹಳೆಯ ಟಿವಿ ಇರುತ್ತಿದ್ದವು.

ನನ್ನ ಕಟ್ಟುನಿಟ್ಟುಗಳು ಎರಡೇ. ಒಂದು, ಆಡಿ ತೋರಿಸದೆ ಯಾವ ಕ್ಯಾಸೆಟ್ಟನ್ನೂ ತೆಗೆದುಕೊಳ್ಳುವುದಿಲ್ಲ. ಸುಮ್ಮನೆ ಹಾಕಿದಾಗ ಚೆನ್ನಾಗಿಯೇ ನಡೆದು, ಬಿಸಿಯಾದ ಮೇಲೆ ಚಿತ್ರ ಕಲ್ಲಾಗಿ ನಿಲ್ಲುವ ಕಳ್ಳ ಕ್ಯಾಸೆಟ್ಟುಗಳು ಬೇಕಾದಷ್ಟಿದ್ದವು. ಎರಡನೆಯದು, ಊದಬಾರದು. ಆಟ ಬರದಿದ್ದರೆ ಕ್ಯಾಸೆಟ್ಟಿನ ಬಾಯಿಗೆ ಊದುವುದು ಇಡೀ ದೇಶದ ಚಾಳಿ. ಉಗುಳಿನ ಹಸಿ ತಗುಲಿ ಒಳಗಿನ ತಾಮ್ರದ ಹಲ್ಲು ಹಸಿರಾಗುತ್ತದೆ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಸ್ಪಿರಿಟ್ ಹತ್ತಿಯಿಂದ ಒರೆಸಬೇಕು, ಅಷ್ಟೇ. ಇದನ್ನು ಹೇಳಿ ಹೇಳಿ ನನ್ನ ಗಂಟಲು ಕಟ್ಟಿದ್ದುಂಟು.

ಎರಡು ಸಾವಿರ ಇಸವಿ ದಾಟುತ್ತಿದ್ದಂತೆ ಸಿ.ಡಿ. ಬಂತು, ಸೈಬರ್ ಸೆಂಟರು ಬಂತು. ಸಿ.ಡಿ.ಯನ್ನು ಕಾಪಿ ಮಾಡಿಸಿಕೊಳ್ಳಬಹುದು. ಕಾಪಿ ಆಗುವ ವಸ್ತುವನ್ನು ಯಾರು ಅದಲುಬದಲು ಮಾಡುತ್ತಾರೆ? ನಮ್ಮ ಕ್ಯಾಸೆಟ್ಟಿನ ಗುಣವೇ ಬೇರೆ. ಒಂದು ಬೇಕಾದರೆ ಒಂದನ್ನು ಬಿಡಬೇಕಿತ್ತು. ಕೌಂಟರಿನ ಮೇಲೆ ಇಟ್ಟ ಮೇಲೂ ಅದರ ಮೇಲಿನ ಬೆರಳು ತೆಗೆಯದೆ ನಿಲ್ಲುತ್ತಿದ್ದ ಮಕ್ಕಳನ್ನು ನಾನು ನೋಡಿದ್ದೇನೆ. ಆ ಬೆರಳುಗಳು ಈಗಲೂ ನೆನಪಾಗುತ್ತವೆ.

ಕೊನೆಗೆ ಅಣ್ಣ ಪೂರ್ತಿ ಅಂಗಡಿಯನ್ನು ಮೊಬೈಲ್ ರೀಚಾರ್ಜಿಗೆ ಮಾಡುತ್ತೇನೆಂದ. ಅವನ ತಪ್ಪಿಲ್ಲ, ಹಾಡಿನ ಕ್ಯಾಸೆಟ್ಟನ್ನೂ ಯಾರೂ ಕೇಳುತ್ತಿರಲಿಲ್ಲ. ನನ್ನ ಗಂಡ ಸರ್ಕಾರಿ ಬಸ್ಸಿನ ಡ್ರೈವರು. "ಹೋಗ್ಲಿ ಬಿಡೇ, ಇನ್ಮ್ಯಾಗೆ ಸೋಮವಾರನಾದ್ರೂ ಮನ್ಯಾಗೆ ಆರಾಮಾಗಿರ್ತೀಯ" ಎಂದರು. ಸಮಾಧಾನಕ್ಕೆ ಹೇಳಿದ ಮಾತು. ಆದರೆ ನನಗೆ ಅದೇ ಮಾತು ಚುಚ್ಚಿತು, ಏಕೆಂದರೆ ನಾನು ಕಳೆದುಕೊಳ್ಳಲು ಹೆದರಿದ್ದೂ ಆ ಸೋಮವಾರವನ್ನೇ.

ಹೊಸದುರ್ಗದ ಟೈಲರ್ ಅಕ್ಕನ ವಿಷಯ ಈಗ ಹೇಳಬೇಕು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಮದುವೆಯ ಗೊಡವೆಗೆ ಹೋಗದೆ ತನ್ನಕ್ಕನ ಮನೆಯವರ ಜತೆಯಲ್ಲಿದ್ದು, ಆ ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ಬಸ್ಸಿನ ಧೂಳಿಗೆ ಕ್ಯಾಸೆಟ್ಟುಗಳು ಕೆಡುತ್ತವೆಂದು ಬಟ್ಟೆಯ ಸಂಚಿ ಹೊಲಿಸಲು ನಾನು ಮೊದಲು ಅವಳಲ್ಲಿಗೆ ಹೋದದ್ದು. ಉಳಿದ ಬ್ಲೌಸ್ ಪೀಸಿನ ತುಂಡುಗಳಲ್ಲಿ ಲಾಡಿ ಎಳೆದು ಕಟ್ಟುವಂಥ ಸಂಚಿಗಳನ್ನು ಹೊಲಿದುಕೊಟ್ಟಳು. ಜರಿ ಅಂಚಿನದು, ಖಣದ್ದು, ಚುಕ್ಕಿಯದ್ದು. ನಾಲ್ಕು ಊರಿನಲ್ಲೂ ನನ್ನ ಕ್ಯಾಸೆಟ್ಟನ್ನು ಸಂಚಿಯಿಂದಲೇ ಗುರುತಿಸುತ್ತಿದ್ದರು. ಆಮೇಲೆ ಪೆಟ್ಟಿಗೆಯನ್ನೂ ಅವಳ ಬಳಿಯೇ ಇಟ್ಟೆ. "ಇದ್ರಾಗೆ ನಂಗೇನ್ ತಿಳೀತೈತೆ ತಾಯಿ, ಹುಡುಗ್ರು ಆಟ" ಎಂದಿದ್ದವಳು ಒಂದು ತಿಂಗಳಿಗೆ ನನ್ನನ್ನೇ ಸೋಲಿಸತೊಡಗಿದಳು.

ನಮ್ಮ ಆಟ ಟ್ಯಾಂಕಿನದು. ಇಬ್ಬರೂ ಒಟ್ಟಿಗೆ ಆಡುವಂಥದ್ದು, ಅವಳದು ಹಳದಿ ಟ್ಯಾಂಕು, ನನ್ನದು ಹಸಿರು. ಪರದೆಯ ಕೆಳಗೆ ನಟ್ಟನಡುವೆ ಇಟ್ಟಿಗೆಯ ಗೂಡಿನಲ್ಲಿ ಒಂದು ಹಕ್ಕಿ ಕೂತಿರುತ್ತದೆ. ಮೇಲಿಂದ ಬರುವ ಶತ್ರುಗಳು ಗೋಡೆ ಒಡೆದು ಆ ಹಕ್ಕಿಗೆ ಗುಂಡು ಹೊಡೆಯದಂತೆ ಕಾಯಬೇಕು. ಕೈತಪ್ಪಿ ನನ್ನ ಗುಂಡು ಅವಳ ಟ್ಯಾಂಕಿಗೆ ತಗುಲಿದರೆ ಅವಳದು ಸ್ವಲ್ಪ ಹೊತ್ತು ಅಲ್ಲಾಡದೆ ನಿಂತುಬಿಡುತ್ತಿತ್ತು. "ದುರ್ಗದಾಕಿ ಅಂತೀಯ, ಒಂದು ಕೋಟೆ ಕಾಯಾಕೆ ಬರಲ್ವಲ್ಲೇ ನಿಂಗೆ!" ಎಂದು ಮೊಣಕೈಯಿಂದ ತಿವಿಯುತ್ತಿದ್ದಳು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು, ಬಾಗಿಲು ಅರ್ಧ ಮುಂದೆ ಮಾಡಿ, ಹೊಲಿಗೆ ಮಿಷಿನ್ನಿನ ಸ್ಟೂಲಿನ ಮೇಲೆ ಅವಳು, ಬಟ್ಟೆಯ ಗಂಟಿನ ಮೇಲೆ ನಾನು. ನನ್ನ ವಾರದಲ್ಲಿ ನನ್ನದು ಎಂದು ಇದ್ದದ್ದು ಆ ಒಂದು ಗಂಟೆ.

ವ್ಯಾಪಾರ ನಿಂತರೆ ಆ ಗಂಟೆಯೂ ನಿಲ್ಲುತ್ತದೆ. ಗಂಡ, ಮನೆ ಇರುವ ಹೆಂಗಸೊಬ್ಬಳು "ಗೆಳತಿ ಜತೆ ಟಿವಿ ಗೇಮ್ ಆಡಿ ಬರ್ತೀನಿ" ಎಂದು ಬಸ್ಸು ಹತ್ತಲು ನಮ್ಮ ಕಡೆ ಆಗುತ್ತಿರಲಿಲ್ಲ. ಚೀಲ ಹೆಗಲಿಗಿದ್ದರೆ ಮಾತ್ರ ಯಾರೂ ಏನೂ ಕೇಳುತ್ತಿರಲಿಲ್ಲ. ಆ ಚೀಲವನ್ನೇ ಈಗ ನಾನು ಮಾರಲು ಹೊರಟಿದ್ದೆ.

ಮೊದಲ ಸೋಮವಾರ ಹಿರಿಯೂರಿನ ಪೆಟ್ಟಿಗೆಯಿಂದ ಶುರು ಮಾಡಿದೆ. ಬೇಸಿಗೆ ರಜೆಯ ದಿನಗಳು, ಮುಂಚೆಯಾಗಿದ್ದರೆ ಮೋಟರ್ ಅಂಗಡಿಯ ಮುಂದೆ ಸೈಕಲ್ಲು ನಿಲ್ಲಿಸಲು ಜಾಗವಿರುತ್ತಿರಲಿಲ್ಲ. ಅವತ್ತು ಅಲ್ಲಿದ್ದದ್ದು ಒಬ್ಬ ತೋಟದವನು ಮತ್ತು ಅವನ ಸುಟ್ಟ ಮೋಟರು. ಒಂದು ಕ್ಯಾಸೆಟ್ ಹಾಕಿದೆ. ಬರೀ ಬೂದು ಪರದೆ. ಇನ್ನೊಂದು ಹಾಕಿದೆ, ಅದೂ ಹಾಗೆಯೇ. ಪೆಟ್ಟಿಗೆಯಲ್ಲಿದ್ದ ಎಲ್ಲವೂ ಹಾಗೆಯೇ. ಮಿಷಿನ್ನು ಕೆಟ್ಟಿದೆಯೆಂದು ನನ್ನ ಚೀಲದಲ್ಲಿದ್ದ ಒಂದನ್ನು ಹಾಕಿದರೆ ಅದು ಸಲೀಸಾಗಿ ಬಂತು.

"ಏನ್ ಮಾಡಿದ್ರಿ ಇವಕ್ಕೆ?" ಎಂದು ಕೇಳಿದೆ.

ಮೋಟರಿನವನು ಹೆಮ್ಮೆಯಿಂದ ನಕ್ಕ. "ಏನಿಲ್ಲ ಮೇಡಂ, ಸುಮ್ನೆ ಕುಂತಿದ್ವಲ್ಲ, ತುಕ್ಕು ಹಿಡೀಬಾರ್ದು ಅಂತ ಎಲ್ಲದಕ್ಕೂ ಒಂದೊಂದು ಕೈ ವಾರ್ನಿಷ್ ಹೊಡ್ದೀನಿ. ಹತ್ತು ವರ್ಷ ಏನೂ ಆಗಲ್ಲ ನೋಡ್ರಿ."

ಮೋಟರಿನ ತಂತಿಗೆ ಬಳಿಯುವ ವಾರ್ನಿಷ್ ಅದು. ಒಂದು ತಂತಿಯ ಕರೆಂಟು ಇನ್ನೊಂದಕ್ಕೆ ತಾಗದಂತೆ ತಡೆಯುವುದೇ ಅದರ ಕೆಲಸ. ಕರೆಂಟು ಹಾಯಬೇಕಾದ ಹಲ್ಲುಗಳಿಗೇ ಅದನ್ನು ಬಳಿದು, ಬಿಸಿಲಿನಲ್ಲಿ ಒಣಗಿಸಿ, ಮತ್ತೆ ಸಂಚಿಗೆ ಹಾಕಿ ಲಾಡಿ ಕಟ್ಟಿ ಇಟ್ಟಿದ್ದ. ಸಿಟ್ಟಿನಿಂದ ಬಾಯಿ ತೆರೆದೆ. ಅವನ ಮುಖ ನೋಡಿ ಮುಚ್ಚಿದೆ. ಯಾರಿಗೂ ಬೇಡವಾದ ನನ್ನ ಸಾಮಾನನ್ನು ಹತ್ತು ವರ್ಷ ಉಳಿಸಲು ನೋಡಿದವನು ನಾಲ್ಕು ಊರಿನಲ್ಲಿ ಅವನೊಬ್ಬನೇ.

ಆ ವಾರವೆಲ್ಲ ನನ್ನದು ವಾರ್ನಿಷ್ ಬಿಡಿಸುವ ಕೆಲಸ. ಥಿನ್ನರ್ ಹೆಚ್ಚಾದರೆ ಪ್ಲಾಸ್ಟಿಕ್ ಕರಗುತ್ತದೆ, ಕಡಿಮೆಯಾದರೆ ವಾರ್ನಿಷ್ ಬಿಡುವುದಿಲ್ಲ. ತಿರುಪು ಬಿಚ್ಚಿ, ಒಳಗಿನ ಹಸಿರು ಹಲಗೆಯನ್ನು ಹೊರಗೆ ತೆಗೆದು, ಕಿವಿ ಕಡ್ಡಿಯ ತುದಿಯಲ್ಲಿ ಒಂದೇ ಒಂದು ಹನಿ ಹಚ್ಚಿ, ಮೆತ್ತಗಾದ ಮೇಲೆ ಬ್ಲೇಡಿನ ಬೆನ್ನಿನಿಂದ ಕೆರೆದು, ಕೊನೆಗೆ ರಬ್ಬರ್. ಒಂದೊಂದೇ ಕ್ಯಾಸೆಟ್ಟು ಎದ್ದು ಕೂತಿತು. ಎರಡು ಮಾತ್ರ ಏಳಲಿಲ್ಲ.

ಹಿರಿಯೂರಿನ ಆ ಬೂದು ಪರದೆಗಳನ್ನು ನೋಡಿದ ದಿನವೇ ಹೊಸದುರ್ಗ ತಲುಪಿ ಟೈಲರ್ ಅಕ್ಕನಿಗೆ ವಿಷಯ ಹೇಳಿದೆ. ಅವಳು ಕತ್ತರಿಸುತ್ತಿದ್ದ ಬ್ಲೌಸಿನ ತೋಳನ್ನು ಪೂರ್ತಿ ಕತ್ತರಿಸಿ, ಕತ್ತರಿ ಕೆಳಗಿಟ್ಟಳು.

"ಎಲ್ಲಾನೂ ಕೊಡ್ತೀಯಾ?"

"ಎಲ್ಲಾ ಸೇರಿದ್ರೆ ತಗೊಳ್ತಾನಂತೆ ಅಕ್ಕ."

ಕತ್ತರಿಸಿದ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟಳು. ಆಮೇಲೆ ಎದ್ದು ಬಾಗಿಲು ಅರ್ಧ ಮುಂದೆ ಮಾಡಿದಳು. "ಹಂಗಾದ್ರೆ ಬಾ, ಮುಗ್ಸೇ ಬಿಡಾಣ ಅದನ್ನ. ಇಷ್ಟು ವರ್ಷ ಆಡೀವಿ, ಕೊನೇಗೆ ಏನೈತೆ ಅಂತ ನೋಡ್ಬ್ಯಾಡ್ವಾ?"

ಟ್ಯಾಂಕಿನ ಆಟದಲ್ಲಿ ಮೂವತ್ತರ ಮೇಲೆ ಹಂತಗಳಿದ್ದವು. ನಾವು ಯಾವತ್ತೂ ಅರ್ಧ ದಾಟಿದವರಲ್ಲ. ಬಸ್ಸಿನ ಹೊತ್ತಾಗುತ್ತಿತ್ತು, ಇಲ್ಲವೇ ಬ್ಲೌಸ್ ಕೇಳಿಕೊಂಡು ಯಾರಾದರೂ ಬರುತ್ತಿದ್ದರು. ಕೊನೆಯ ಹಂತ ಗೆದ್ದವರಿಗೆ ಏನಾಗುತ್ತದೆ ಎಂಬುದಕ್ಕೆ ಊರಿಗೊಂದು ಕಥೆಯಿತ್ತು. ಗೂಡಿನ ಹಕ್ಕಿ ಹಾರಿ ಹೋಗುತ್ತದೆ ಎಂದು ಹಿರಿಯೂರಿನ ಮಕ್ಕಳು ಆಣೆ ಮಾಡುತ್ತಿದ್ದರು. ಬ್ಯಾಂಡಿನ ಸದ್ದಿನ ಜತೆ ಅರಮನೆ ಬರುತ್ತದೆ ಎಂದು ಹೊಳಲ್ಕೆರೆಯವರು. ಕಂಡವರು ಯಾರೂ ಇರಲಿಲ್ಲ.

ಅವತ್ತು ಅರ್ಧ ದಾಟಿದೆವು. ಬಸ್ಸಿಗೆ ಹೊತ್ತಾಯಿತು. ಈ ಆಟಕ್ಕೆ ನೆನಪಿಲ್ಲ, ಮಿಷಿನ್ನಿಗೆ ಕರೆಂಟಿರುವ ತನಕ ಮಾತ್ರ ಅದಕ್ಕೆ ನಾವು ಎಲ್ಲಿದ್ದೇವೆಂದು ಗೊತ್ತು. ಅದಕ್ಕೆ ಆಟ ನಿಲ್ಲಿಸುವ ಗುಂಡಿ ಒತ್ತಿ, ಟಿವಿ ಮಾತ್ರ ಆರಿಸಿ, ಮಿಷಿನ್ನನ್ನು ಹಾಗೆಯೇ ಬಿಟ್ಟೆವು. ಮುಂದಿನ ಸೋಮವಾರದವರೆಗೆ ಅದು ಉಸಿರು ಹಿಡಿದುಕೊಂಡಿರಬೇಕಿತ್ತು. ನಾನು ಮನೆ ತಲುಪಿದ ಮೇಲೆ ಎದುರು ಮನೆಯ ಫೋನಿಗೆ ಅವಳ ಕರೆ ಬಂತು. "ಕರೆಂಟ್ ಹೋತು ಕಣೇ" ಎಂದಳು, ಅಷ್ಟೇ. ಮನೆಯವರ ಕಿವಿಗೆ ಬಿದ್ದರೆ ಏನು ತಿಳಿಯಬೇಕು? ಹೊಸದುರ್ಗದಲ್ಲಿ ಕರೆಂಟು ಹೋದರೆ ದುರ್ಗಕ್ಕೆ ಫೋನು ಮಾಡುವವರುಂಟೇ?

ಜೋಗಿಮಟ್ಟಿಯ ಕಡೆಯ ಗುಡ್ಡಗಳ ಮೇಲೆ ಕರೆಂಟು ಮಾಡುವ ಗಾಳಿ ರೆಕ್ಕೆಗಳನ್ನು ಆಗಷ್ಟೇ ನೆಡತೊಡಗಿದ್ದರು. ಬಸ್ಸಿನ ಕಿಟಕಿಯಿಂದ ಅವು ಭರ್ಜರಿಯಾಗಿ ತಿರುಗುವುದು ಕಾಣುತ್ತಿತ್ತು. ನಮ್ಮ ಮಿಷಿನ್ನಿಗೆ ಬೇಕಾದಷ್ಟು ಕರೆಂಟು ಮಾತ್ರ ಇರಲಿಲ್ಲ.

ಆ ವಾರ ಸ್ಪಿರಿಟ್ಟಿನ ಜತೆ ಬೆಸುಗೆ ಕಡ್ಡಿಯನ್ನೂ ಹಿಡಿದೆ. ಮಿಷಿನ್ನಿಗೆ ಬೇಕಾದದ್ದು ಒಂಬತ್ತು ವೋಲ್ಟು. ಟಾರ್ಚಿನ ದಪ್ಪ ಸೆಲ್ಲು ಆರನ್ನು ಸಾಲಾಗಿ ಜೋಡಿಸಿದರೆ ಅಷ್ಟಾಗುತ್ತದೆ. ಅಡಾಪ್ಟರಿನ ತಂತಿಗೊಂದು, ಸೆಲ್ಲಿನ ತಂತಿಗೊಂದು, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಹಾಕಿ ಎರಡನ್ನೂ ಒಂದೇ ಪಿನ್ನಿಗೆ ಸೇರಿಸಿದರೆ, ಕರೆಂಟಿದ್ದಾಗ ಅಡಾಪ್ಟರ್ ಎಳೆಯುತ್ತದೆ, ಹೋದ ಕ್ಷಣ ಸೆಲ್ಲು ಹೆಗಲು ಕೊಡುತ್ತದೆ. ಅಂಗಡಿಯಲ್ಲಿ ಬಲ್ಬು ಹಾಕಿ ನೋಡಿದೆ, ಮಿಣುಕಲೂ ಇಲ್ಲ. ಎರಡನೆಯ ಸೋಮವಾರ ಭಾರೀ ಗತ್ತಿನಿಂದ ಹೊಸದುರ್ಗಕ್ಕೆ ಒಯ್ದು ಸಿಕ್ಕಿಸಿದೆ. ಟಪ್ ಎಂದಿತು, ವಾಸನೆ ಬಂತು.

"ಏನೇ ಇದು, ಒಗ್ಗರಣೆ ಹತ್ತಿಸ್ದಂಗೆ ಬಂತು?" ಎಂದಳು ಟೈಲರ್ ಅಕ್ಕ.

ಅಣ್ಣನ ಟೇಪ್ ರೆಕಾರ್ಡರಿನ ಪಿನ್ನು ಒಳಗೆ ಪ್ಲಸ್ಸು, ಹೊರಗೆ ಮೈನಸ್ಸು. ಈ ಮಿಷಿನ್ನಿನದು ಉಲ್ಟಾ. ವರ್ಷಗಟ್ಟಲೆ ಈ ಪಿನ್ನುಗಳ ಜತೆ ಬಾಳಿದವಳು ನಾನು, ಕೈ ಮಾತ್ರ ಹಳೆಯ ಅಭ್ಯಾಸದಲ್ಲೇ ಬೆಸೆದುಬಿಟ್ಟಿತ್ತು. ಒಳಗೆ ವೋಲ್ಟನ್ನು ಹತೋಟಿಯಲ್ಲಿಡುವ ಮೂರು ಕಾಲಿನ ರೆಗ್ಯುಲೇಟರ್ ಸತ್ತಿತ್ತು. ಅದನ್ನು ಬದಲಿಸಲು ದುರ್ಗಕ್ಕೇ ಬರಬೇಕು. ಆ ಸೋಮವಾರ ಆಟವಿಲ್ಲ. ಅವಳು ಕಾಜಾ ಹೊಲಿದಳು, ನಾನು ಪಕ್ಕದಲ್ಲಿ ಹುಕ್ಕು ಹಚ್ಚಿಕೊಟ್ಟೆ. ಆಟವಿಲ್ಲದ ಆ ಗಂಟೆಯಲ್ಲಿ ನಮ್ಮಿಬ್ಬರಿಗೂ ಮಾತು ಬರಲಿಲ್ಲ. ವರ್ಷಗಳ ಗೆಳೆತನವೆಲ್ಲ ಆ ಪರದೆಯ ಕಡೆ ಮುಖ ಮಾಡಿಯೇ ನಡೆದಿತ್ತೆಂದು ಅವತ್ತು ಗೊತ್ತಾಯಿತು. ನನಗೆ ಭಯವಾಯಿತು.

ಮೂರನೆಯ ವಾರ ರೆಗ್ಯುಲೇಟರ್ ಬದಲಿಸಿದ ಮಿಷಿನ್ನು, ತಿರುಗಿಸಿ ಬೆಸೆದ ಪಿನ್ನು, ಹೊಸ ಸೆಲ್ಲು. ಸಿಕ್ಕಿಸುವ ಮುಂಚೆ ಅಕ್ಕ ನಾಲ್ಕು ಹೆಜ್ಜೆ ಹಿಂದೆ ನಿಂತಳು. ಬಂತು. ಗೋಡೆಯ ಸ್ವಿಚ್ಚು ಆರಿಸಿ ನೋಡಿದೆವು, ಟಿವಿ ಹೋಯಿತು, ಮಿಷಿನ್ನಿನ ಕೆಂಪು ದೀಪ ಹಾಗೆಯೇ ಇತ್ತು. ಸ್ವಿಚ್ಚು ಹಾಕಿ ಟಿವಿ ಬಂದಾಗ ನಮ್ಮ ಎರಡೂ ಟ್ಯಾಂಕು ನಿಂತಲ್ಲೇ ನಿಂತಿದ್ದವು. ಅವಳು ಚಪ್ಪಾಳೆ ತಟ್ಟಿ ನಕ್ಕದ್ದಕ್ಕೆ ಒಳಗಿನಿಂದ ಅವಳಕ್ಕ "ಯಾರೇ ಅದು?" ಎಂದು ಕೂಗಿದಳು.

ಮೊದಲಿನಿಂದ ಆಡಿ ಇಪ್ಪತ್ತು ದಾಟಿ ನಿಲ್ಲಿಸಿದೆವು. ಆ ಏಳು ದಿನ ಅಕ್ಕ ಮಿಷಿನ್ನನ್ನು ಕಾದ ಬಗೆ ಕೇಳಬೇಕು. ಬಿಸಿಯಾಗದಿರಲೆಂದು ಮಣೆಯ ಮೇಲೆ ಎತ್ತರದಲ್ಲಿಟ್ಟಳು. ಆಡಲು ಬಂದ ಒಬ್ಬಿಬ್ಬರಿಗೂ "ಕೆಟ್ಟೈತೆ ಕಣಪ್ಪ" ಎಂದಳು. ಕಸ ಗುಡಿಸುವವರು ತಂತಿ ಎಳೆಯಬಾರದೆಂದು ಆ ಮೂಲೆಯನ್ನು ತಾನೇ ಗುಡಿಸಿದಳು.

ಆ ಮೂರನೆಯ ಸೋಮವಾರವೇ ಹೊಸದುರ್ಗದಿಂದ ಹೊಳಲ್ಕೆರೆಗೆ ಹೋದರೆ ಸ್ಟುಡಿಯೊದವನ ಪೆಟ್ಟಿಗೆ ಅರ್ಧ ಖಾಲಿ. ಪಾಸ್‌ಪೋರ್ಟ್ ಫೋಟೊಕ್ಕೆ ಬಂದವರು ಕೇಳಿದಾಗೆಲ್ಲ ಪುಕ್ಕಟೆ ಕೊಟ್ಟು ಕಳಿಸಿದ್ದನಂತೆ. "ಯಾರೂ ವಾಪಸ್ ಕೇಳಲ್ಲ ಅನ್ಕಂಡೆ ಮೇಡಂ" ಎಂದ. ಹೆಚ್ಚಿನವು ಅಲ್ಲಿಗೆ ಹತ್ತಿರದ ಬಿ.ದುರ್ಗವೆಂಬ ಹಳ್ಳಿಯ ಒಂದೇ ಮನೆಯಲ್ಲಿದ್ದವು. ಮರುದಿನ ಅಲ್ಲಿಗೂ ಹೋದೆ. ಕುರಿ ಸಾಕುವ ಮನೆ. ಕ್ಯಾಸೆಟ್ಟುಗಳು ಗೋಡೆಯ ಗೂಡಿನಲ್ಲಿ ಬರಿಮೈಯಲ್ಲಿ ಸಾಲಾಗಿ ನಿಂತಿದ್ದವು, ಒಂದಕ್ಕೂ ಸಂಚಿಯಿಲ್ಲ. ಸಂಚಿ ಎಲ್ಲಿ ಎಂದು ಕೇಳಿದರೆ ಮನೆಯ ಅಜ್ಜಿ ಸೊಂಟದಿಂದ ಒಂದನ್ನು ತೆಗೆದು ತೋರಿಸಿತು. ಒಳಗೆ ಎಲೆ, ಅಡಿಕೆ, ಸುಣ್ಣದ ಡಬ್ಬಿ. ಉಳಿದವು ಅಜ್ಜಿಯ ಸೊಸೆಯರ, ಓರಗಿತ್ತಿಯರ ಸೊಂಟದಲ್ಲಿದ್ದವು.

"ಇದು ನಿನ್ದಾ ಮಗಳೇ? ಎಷ್ಟು ಚೆಂದ ಹೊಲ್ದಾರೆ ನೋಡು, ಲಾಡಿ ಎಳದ್ರೆ ಕಟ್ನಿಟ್ಟಾಗಿ ಕುಂತ್ಕಂತೈತೆ. ತಗಾ, ಒಯ್ಯಿ" ಎಂದು ಎಲೆ ಅಡಿಕೆ ಮಡಿಲಿಗೆ ಸುರಿದುಕೊಳ್ಳಲು ಹೊರಟಿತು.

ಬೇಡವೆಂದೆ. ಕ್ಯಾಸೆಟ್ಟು ಮಾತ್ರ ತಂದೆ. ಹಿಂದಿನ ವಾರ ಹೊಸದುರ್ಗದಲ್ಲಿ ಕೂತಿದ್ದ ಭಯ ಆ ಮನೆಯಿಂದ ಬಸ್ಸಿಗೆ ನಡೆಯುವಾಗ ಕಡಿಮೆಯಾಗಿತ್ತು. ಟೈಲರ್ ಅಕ್ಕನ ಕೈಕೆಲಸ ಆಟವಿಲ್ಲದೆಯೂ ಯಾರಿಗೋ ಬೇಕಾಗಿತ್ತಲ್ಲ ಎಂದು ಯೋಚಿಸಿದೆ. ಆಗಲೇ ಇನ್ನೊಂದು ಹೊಳೆಯಿತು. ಇಷ್ಟು ವರ್ಷಗಳಲ್ಲಿ ನಾನು ಅವಳ ಬಳಿ ಒಂದೇ ಒಂದು ಬ್ಲೌಸ್ ಹೊಲಿಸಿರಲಿಲ್ಲ. ಹೊಲಿದರೆ ಕೂಲಿ ತಗೊಳ್ಳುವುದಿಲ್ಲ, ಆಮೇಲೆ ನನಗೆ ಮುಜುಗರ ಎಂದು ದುರ್ಗದ ಟೈಲರಿಗೇ ಕೊಡುತ್ತಿದ್ದೆ.

ಕೊನೆಯ ಸೋಮವಾರ ಬೆಳಗ್ಗೆ ಖಾಲಿ ಚೀಲ ಮಡಿಸುತ್ತಿದ್ದವಳು ಎದ್ದುಹೋಗಿ ಬಟ್ಟೆಯ ಟ್ರಂಕಿನಿಂದ ಒಂದು ಬ್ಲೌಸ್ ಪೀಸು, ಅಳತೆಗೆಂದು ನನಗೆ ಸರಿಯಾಗಿ ಕೂರುವ ಒಂದೇ ಒಂದು ಹಳೆಯ ಬ್ಲೌಸು ತಂದು ಚೀಲದ ತಳದಲ್ಲಿಟ್ಟೆ. ಬ್ಲೌಸ್ ಹೊಲಿಯಲು ಕೊಟ್ಟರೆ ತರಲು ಹೋಗಲೇಬೇಕು. ಸಡಿಲಾದರೆ ಹಿಡಿಸಲು ಇನ್ನೊಮ್ಮೆ, ಬಿಗಿಯಾದರೆ ಬಿಡಿಸಲು ಮತ್ತೊಮ್ಮೆ. ಇದಕ್ಕೆ ಯಾವ ಮನೆಯಲ್ಲೂ ಯಾರೂ ಅಡ್ಡ ಬರುವುದಿಲ್ಲ. ಸೋಮವಾರ ಉಳಿಸಿಕೊಳ್ಳಲು ನನಗೆ ತೋಚಿದ್ದು ಅದೊಂದೇ. ಗಂಡ ನೋಡಿ "ದುರ್ಗದಾಗೆ ಟೈಲರ್ ಸತ್ರಾ?" ಎಂದರು. "ಆಕೆ ಚಲೋ ಹೊಲೀತಾಳೆ" ಎಂದೆ. ನಿಜವೇ ತಾನೆ.

ಅಕ್ಕ ಕಾಯುತ್ತಿದ್ದಳು. ಅವತ್ತು ಬಾಗಿಲು ಅರ್ಧವಲ್ಲ, ಪೂರ್ತಿ ಹಾಕಿದಳು. ವಾರದಲ್ಲಿ ಬಹಳ ಸಲ ಕರೆಂಟು ಹೋಗಿ ಬಂದಿತ್ತಂತೆ, ಸೆಲ್ಲು ಒಮ್ಮೆಯೂ ಕೈಕೊಟ್ಟಿರಲಿಲ್ಲ. ಟಿವಿ ಹಾಕಿದೆವು. ಹಳದಿ, ಹಸಿರು ಎರಡೂ ಗೂಡಿನ ಎಡಬಲದಲ್ಲಿ ನಿಂತಿದ್ದವು. ಮುಂದಿನ ಹಂತಗಳಲ್ಲಿ ಶತ್ರುಗಳಿಗೆ ಒಂದು ಗುಂಡು ಸಾಲದು, ಮೂರು ನಾಲ್ಕು ಹೊಡೆಯಬೇಕು. ಒಂದು ಒಡೆದರೆ ಇನ್ನೊಂದು ಎಂದು ಆಟ ಕೊಡುವ ಟ್ಯಾಂಕುಗಳಲ್ಲಿ ನನ್ನವು ಬೇಗ ಬೇಗ ಹೋದವು. ಕೊನೆಯ ಹಂತಕ್ಕೆ ಬಂದಾಗ ನನ್ನದು ಕೊನೆಯ ಟ್ಯಾಂಕು.

"ನೀನ್ ಗೂಡು ಬಿಟ್ಟು ಅಲ್ಲಾಡ್ಬ್ಯಾಡ. ನಾನ್ ಮ್ಯಾಲೆ ಹೋಗ್ತೀನಿ" ಎಂದಳು.

"ಅಕ್ಕ, ಎಡಗಡೆ, ಎಡಗಡೆ!"

"ಕಂಡೆ ಕಣೇ, ಸುಮ್ಕಿರು!"

ಗೂಡಿನ ಇಟ್ಟಿಗೆ ಎಲ್ಲ ಹೋಗಿ ಹಕ್ಕಿ ಬಯಲಲ್ಲಿ ಕೂತಿತ್ತು. ನಾನು ಅದರ ಮುಂದೆ ಅಡ್ಡ ನಿಂತು ಬಂದ ಗುಂಡಿಗೆ ಗುಂಡು ಹೊಡೆಯುತ್ತಿದ್ದೆ. ಕೊನೆಯ ಶತ್ರುವನ್ನು ಅವಳು ಮೂಲೆಯಲ್ಲಿ ಸಿಕ್ಕಿಸಿ ಹೊಡೆದಳು. ಸದ್ದು ನಿಂತಿತು. ಅಂಕಗಳ ಲೆಕ್ಕದ ಪರದೆ ಬಂದು ಹೋಯಿತು. ನಾವಿಬ್ಬರೂ ಕೈ ಕೈ ಹಿಡಿದುಕೊಂಡು ಕೂತಿದ್ದೆವು.

ಹಕ್ಕಿ ಹಾರಲಿಲ್ಲ. ಅರಮನೆ ಬರಲಿಲ್ಲ. ಪರದೆ ಒಂದು ಗಳಿಗೆ ಬೂದಾಗಿ, ಆಮೇಲೆ ಮೊದಲನೆಯ ಹಂತ ಬಂತು. ನಾವು ಮೊದಲ ದಿನ ಆಡಿದ್ದ ಅದೇ ಗೋಡೆಗಳು, ಅದೇ ಗೂಡು. ಒಡೆದ ಇಟ್ಟಿಗೆಯೆಲ್ಲ ಮತ್ತೆ ಜೋಡಿಸಿಕೊಂಡು, ಏನೂ ಆಗಿಯೇ ಇಲ್ಲವೆಂಬಂತೆ.

"ಮತ್ತೆ ಮೊದ್ಲಿಂದಾನಾ?" ಎಂದಳು ಅಕ್ಕ. "ಇದಕ್ಕೇನೇ ನಾವು ಸೆಲ್ ಹಾಕಿ ಬದುಕ್ಸ್ಕಂಡಿದ್ದು?"

ನನಗೆ ನಗು ಬಂತು. ಅವಳಿಗೂ ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ನಗುವಿನ ನಡುವೆಯೇ ನನಗೆ ಅಳು ಬಂದುಬಿಟ್ಟಿತು, ತಡೆಯಲು ಆಗಲಿಲ್ಲ. ನಾವು ಗಮನಿಸದಿದ್ದಾಗ ಒಂದು ಶತ್ರು ಟ್ಯಾಂಕು ಇಳಿದು ಬಂದು ಹಕ್ಕಿಯನ್ನು ಹೊಡೆಯಿತು. ಆಟ ಮುಗಿಯಿತೆಂದು ಪರದೆಯೇ ಹೇಳಿತು.

ನಾನು ಮಿಷಿನ್ನಿಗೆ ಕೈ ಚಾಚಿದಾಗ ಅವಳು ತಡೆದಳು. "ನೀನ್ ತೆಗೀಬ್ಯಾಡ, ನಾನ್ ತೆಗೀತೀನಿ." ನಾನು ಹೇಳಿಕೊಟ್ಟಿದ್ದಂತೆಯೇ ಮೊದಲು ಸ್ವಿಚ್ಚು ಆರಿಸಿದಳು, ಆಮೇಲೆ ಕ್ಯಾಸೆಟ್ಟನ್ನು ನೇರವಾಗಿ ಮೇಲಕ್ಕೆ ಎತ್ತಿದಳು. ಖಣದ ಸಂಚಿಗೆ ಹಾಕಿ ಲಾಡಿ ಎಳೆದಳು. ಮಿಷಿನ್ನೂ ಆ ಆಟವೂ ನಿನ್ನ ಹತ್ತಿರವೇ ಇರಲಿ, ವ್ಯಾಪಾರಿಗೆ ಏನಾದರೂ ಹೇಳುತ್ತೇನೆ ಎಂದೆ. "ನೀನಿಲ್ದೆ ಒಬ್ಳೇ ಕುಂತು ಯಾರ ಕೋಟೆ ಕಾಯ್ಲಿ? ತಗಂಡ್ಹೋಗು" ಎಂದಳು. ದನಿಯಲ್ಲಿ ಸಿಟ್ಟಿತ್ತು. ನನ್ನ ಮೇಲಲ್ಲ ಎಂದು ಗೊತ್ತಿತ್ತು.

ಚೀಲದ ತಳದಿಂದ ಬ್ಲೌಸ್ ಪೀಸು, ಅಳತೆ ಬ್ಲೌಸು ತೆಗೆದು ಅವಳ ಮೇಜಿನ ಮೇಲಿಟ್ಟೆ. ಅವಳು ಎರಡನ್ನೂ ನೋಡಿದಳು, ನನ್ನನ್ನೂ ನೋಡಿದಳು.

"ಈಗ ನೆನಪಾತೇನೆ, ನಾನು ಟೈಲರ್ ಅಂತ?"

"ಯಾವಾಗ ಬರ್ಲಿ ಅಕ್ಕ?"

"ಮದ್ವೆ ಸೀಸನ್ ಐತೆ. ಹೊತ್ತಾತೈತೆ ನೋಡು" ಎಂದು ಅಳತೆ ಬ್ಲೌಸನ್ನು ಮಡಿಸಿ ಒಳಗೆ ಇಟ್ಟಳು.

ತಿಂಗಳ ಕೊನೆಗೆ ವ್ಯಾನು ಬಂತು. ವ್ಯಾಪಾರಿ ನನ್ನಂತೆಯೇ ಒಂದೊಂದನ್ನೂ ಹಾಕಿ ನೋಡಿದ, ಅದು ನನಗೆ ಹಿಡಿಸಿತು. ಸಂಚಿಗಳನ್ನು ಮಾತ್ರ ಬಿಚ್ಚಿ ಬಿಚ್ಚಿ ಪಕ್ಕಕ್ಕೆ ಎಸೆದ. "ಬಟ್ಟೆ ಎಲ್ಲಾ ಯಾಕ್ರಿ ಅಕ್ಕಾರೆ, ಜಾಗ ತಿಂತಾವೆ." ಕ್ಯಾಸೆಟ್ಟುಗಳನ್ನು ಗೋಣಿ ಚೀಲಕ್ಕೆ ಸುರಿದಾಗ ಆದ ಸದ್ದಿಗೆ ನಾನು ಮುಖ ತಿರುಗಿಸಿದೆ. ಟ್ಯಾಂಕಿನ ಕ್ಯಾಸೆಟ್ಟು ಯಾವ ಗಳಿಗೆಯಲ್ಲಿ ಚೀಲಕ್ಕೆ ಬಿತ್ತೋ ನೋಡಲಿಲ್ಲ. ಅವನು ಹೋದ ಮೇಲೆ ಸಂಚಿಗಳನ್ನು ಆರಿಸಿಕೊಂಡೆ. ಈಗಲೂ ನಮ್ಮ ಮನೆಯ ಏಲಕ್ಕಿ ಲವಂಗ ಇರುವುದು ಅವುಗಳಲ್ಲೇ.

ಮುಂದಿನ ಸೋಮವಾರ ಹೊಸದುರ್ಗಕ್ಕೆ ಹೋಗಬೇಕೆಂದು ಎಣಿಸುತ್ತಿದ್ದೆ. ಅದರ ಹಿಂದಿನ ದಿನವೇ ಹೊಸದುರ್ಗದ ಬಸ್ಸಿನ ಕಂಡಕ್ಟರೊಬ್ಬ, ನನ್ನ ಗಂಡನ ಪರಿಚಯದವನು, ಪೇಪರಿನಲ್ಲಿ ಸುತ್ತಿದ ಒಂದು ಪಾರ್ಸೆಲ್ ತಂದು ಕೊಟ್ಟು ಹೋದ. "ಟೈಲರಮ್ಮ ಕೊಟ್ರು. ಸುಮ್ನೆ ಅಷ್ಟು ದೂರ ಬರೋದು ಬ್ಯಾಡ ಅಂದ್ರು." ಒಳಗೂ ಹೋಗದೆ ಅಲ್ಲೇ ಬಿಚ್ಚಿದೆ. ಹೊಸ ಬ್ಲೌಸು, ಒಳಹೊಲಿಗೆ ಕೂಡ ಹೊರಹೊಲಿಗೆಯಷ್ಟೇ ಅಂದ. ಹಾಕಿ ನೋಡಿದೆ, ಎಲ್ಲಿಯೂ ಹಿಡಿಸಬೇಕಾಗಿಲ್ಲ, ಬಿಡಿಸಬೇಕಾಗಿಲ್ಲ. ಹೋಗಲು ನೆಪವನ್ನೇ ಉಳಿಸಿರಲಿಲ್ಲ ಮಹಾತಾಯಿ. ಇಷ್ಟು ಚೆನ್ನಾಗಿ ಹೊಲಿಯಬೇಕಿತ್ತೇ ಎಂದು ಸಿಟ್ಟು ಬಂತು.

ಪೇಪರನ್ನು ಮಡಿಸುವಾಗ ಹೊಳೆಯಿತು. ಹೊಸ ಬ್ಲೌಸಿನ ಜತೆ ಅಳತೆ ಬ್ಲೌಸನ್ನು ವಾಪಸು ಕೊಡುವುದು ಎಲ್ಲ ಟೈಲರುಗಳ ಪದ್ಧತಿ. ಪೇಪರು ಕೊಡವಿದೆ. ಬಸ್ ನಿಲ್ದಾಣದವರೆಗೂ ಓಡಿಹೋಗಿ ಕಂಡಕ್ಟರನನ್ನು ಹಿಡಿದು ಕೇಳಿದೆ. "ಇಷ್ಟೇ ಕೊಟ್ಟಿದ್ದು ಅಕ್ಕ" ಎಂದ. ಅಳತೆ ಬ್ಲೌಸನ್ನು ಅವಳು ಕಳಿಸಿರಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಹೋದೆ. "ಅಳತೆ ಬ್ಲೌಸ್ ಮರ್ತ್ಯಲ್ಲಕ್ಕ" ಎಂದರೆ "ಹೂಂ ಕಣೇ, ಮರ್ತೆ" ಎಂದು ನಕ್ಕು ಟೀ ಇಟ್ಟಳು. ಆಮೇಲೆ ಎರಡು ಮೂರು ವರ್ಷ ಇದೇ ನಮ್ಮ ಅದಲುಬದಲು. ನಾನೊಂದು ಕೊಡುವುದು, ಅವಳೊಂದು ಹಿಡಿದಿಟ್ಟುಕೊಳ್ಳುವುದು. ಪರದೆಯಿಲ್ಲದೆಯೂ ಮಾತಾಡುವುದನ್ನು ಮೆಲ್ಲಗೆ ಕಲಿತೆವು. ಒಂದು ಸಲ ಹೋದಾಗ ಬಾಗಿಲಿಗೆ ಬೀಗವಿತ್ತು. ಅವಳ ಭಾವನಿಗೆ ತಿಪಟೂರಿನ ಕಡೆ ಕೆಲಸವಾಗಿ ಮನೆಯವರೆಲ್ಲ ಅಲ್ಲಿಗೆ ಹೋದರೆಂದು ಎದುರಿನವರು ಹೇಳಿದರು. ವಿಳಾಸ ಆಮೇಲೆ ಸಿಕ್ಕಿತು, ಬರೆದುಕೊಂಡಿದ್ದೇನೆ.

ಕೊನೆಯ ಅಳತೆ ಬ್ಲೌಸು ಇನ್ನೂ ಅವಳ ಹತ್ತಿರವೇ ಇದೆ. ಈಗ ಅದು ನನ್ನ ಮೈಗೆ ಹಿಡಿಯುವುದೂ ಇಲ್ಲ. ಆದರೂ ಒಂದು ಸೋಮವಾರ ಹೋಗಿ ಕೇಳಿ ಬರಬೇಕು.